ಹಿಸ್ಟರಿ ಅಳಿಸಿದ ಮೇಲೆ ಊಟ ಬಿಟ್ಟ ತಾಯಿ

(ಹೆಸರು, ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ಸುಮಿತ್ರಮ್ಮನಿಗೆ 57 ವರ್ಷ. ಆಪ್ತಸಮಾಲೋಚನೆಗೆಂದು ನನ್ನ ಬಳಿಗೆ ಮಗನೇ ಕರೆದುಕೊಂಡು ಬಂದಿದ್ದ. ನಿದ್ದೆ ಇಲ್ಲ, ಊಟ ಅರ್ಧಕ್ಕೇ ಬಿಡ್ತಾರೆ, ಯಾರ ಜೊತೆಗೂ ಮಾತಿಲ್ಲ ಎಂದ. ಕಾರಣ ಹೇಳುವಾಗ ಅವನಿಗೇ ನಗು. "ಯೂಟ್ಯೂಬ್ ಹಿಸ್ಟರಿ ಕ್ಲಿಯರ್ ಮಾಡಿದೆ ಮೇಡಂ, ಅಷ್ಟೇ." ಅಮ್ಮ ಗೋಡೆ ನೋಡುತ್ತಾ ಕೂತಿದ್ದರು. ಅವನನ್ನು ಹೊರಗೆ ಕೂರಲು ಹೇಳಿದೆ.

ನಡೆದದ್ದಿಷ್ಟು. ಬೇಸಿಗೆ ರಜೆಗೆ ಬಂದ ಮೊಮ್ಮಗ ಅಜ್ಜಿಯ ಫೋನಿನಲ್ಲಿ ಕಾರ್ಟೂನು, ಆಟಿಕೆ ಕಾರಿನ ವಿಡಿಯೋ ನೋಡಿದ. ಮುಖಪುಟದ ತುಂಬ ಅವೇ ಬಂದವು. "ನನ್ ಪೇಜು ಹಾಳಾಯ್ತು" ಎಂದು ಇವರು ಗೊಣಗಿದ್ದಕ್ಕೆ ಮಗ ಪೂರ್ತಿ ಹಿಸ್ಟರಿ, ಅಂದರೆ ಈವರೆಗೆ ನೋಡಿದ ವಿಡಿಯೋಗಳ ದಾಖಲೆಯನ್ನೇ, ಅಳಿಸಿದ. ಮತ್ತೆ ಹೀಗಾಗದಿರಲಿ ಅಂತ ಅದನ್ನು ಆಫ್ ಕೂಡ ಮಾಡಿದ. 2023ರಿಂದ ಈಚೆಗೆ, ಹಿಸ್ಟರಿ ಆಫ್ ಇದ್ದು ಹಳೆಯದೂ ಇಲ್ಲದಿದ್ದರೆ ಮುಖಪುಟದಲ್ಲಿ ಯಾವ ವಿಡಿಯೋವೂ ಬರುವುದಿಲ್ಲ. ಇವರು ತೆರೆದಾಗ ಪುಟ ಖಾಲಿ.

ಅಲ್ಲಿ ಮೊದಲು ಏನೆಲ್ಲ ಬರ್ತಿತ್ತು ಎಂದು ಕೇಳಿದೆ. ಮಾತು ನಿಲ್ಲಲೇ ಇಲ್ಲ. ತಾಳಮದ್ದಲೆ, ಕಸೂತಿ, ಆಮೇಲೆ ನಾರ್ವೆಯ ರೈಲು! ಬರ್ಗೆನ್‌ನಿಂದ ಓಸ್ಲೋವರೆಗೆ, ಏಳು ಗಂಟೆಯ ಪ್ರಯಾಣ. ಮಾತಿಲ್ಲ, ಕತೆ ಇಲ್ಲ, ಹಿಮ ಮತ್ತು ಹಳಿ. "ಇಷ್ಟು ವರ್ಷ ಸಂಸಾರ ಮಾಡಿದ್ರೂ ನಂಗೆ ರೈಲು ಇಷ್ಟ ಅಂತ ನಮ್ಮನೆಯವರಿಗೆ ಗೊತ್ತಿಲ್ಲ ಮೇಡಂ. ಅದಕ್ಕೆ ಗೊತ್ತಿತ್ತು."

ಇದಕ್ಕೆ ನಗಬಾರದು. ನಾವು ಕೂಡಿಟ್ಟ ವಸ್ತುಗಳು 'ನಾನು' ಎಂಬುದರ ಭಾಗವೇ ಆಗಿಬಿಡುತ್ತವೆ ಎಂದು ರಸೆಲ್ ಬೆಲ್ಕ್ ಎಂಬ ವಿದ್ವಾಂಸರು 1988ರಲ್ಲೇ ಬರೆದರು. 2013ರಲ್ಲಿ ಅದೇ ಮಾತನ್ನು ಡಿಜಿಟಲ್ ಬದುಕಿಗೂ ವಿಸ್ತರಿಸಿದರು. ಇವರ ಸಂಕಟ ನಿಜವಾದ ನಷ್ಟಕ್ಕೇ.

ನನಗೆ ಜಾಸ್ತಿ ಯೋಚನೆ ತಂದದ್ದು ಬೇರೆ ವಿಷಯ. ಎಷ್ಟೋ ದಿನದಿಂದ ಅವರು ಆ ಪುಟವನ್ನು ಮಡಿಯಲ್ಲಿಟ್ಟಿದ್ದರು. ಹಾಸ್ಯದ ವಿಡಿಯೋ ನೋಡಲು ಆಸೆ, ಆದರೆ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ನಾಳೆಯಿಂದ ಅಂಥವೇ ಬರುತ್ತವಲ್ಲ. ಅಡುಗೆ ವಿಡಿಯೋ ಬೇಕಾದರೆ ಗಂಡನ ಫೋನು. ಪುಟ ಇವರನ್ನು ಹೋಲಬೇಕಿತ್ತು, ಇವರೇ ಪುಟವನ್ನು ಹೋಲಲು ಹೊರಟಿದ್ದರು.

ಅಳಿಸಿದ ಹಿಸ್ಟರಿ ವಾಪಸ್ ಬರಲ್ಲ ಅಂತ ಮೊದಲೇ ಹೇಳಿಬಿಟ್ಟೆ. ಆದರೆ ಸಬ್‌ಸ್ಕ್ರೈಬ್ ಮಾಡಿದ ಚಾನೆಲ್‌ಗಳು, ಲೈಕ್ ಒತ್ತಿದ ವಿಡಿಯೋಗಳು ಬೇರೆ ಕಡೆ ಇರುತ್ತವೆ. ಅಲ್ಲೇ ಕೂತು ತೆರೆದೆವು. ತಾಳಮದ್ದಲೆಯ ಚಾನೆಲ್ ಹಾಗೇ ಇತ್ತು. ಹಿಸ್ಟರಿ ಮತ್ತೆ ಆನ್ ಮಾಡಿದೆವು.

ಆಮೇಲೆ ಕೇಳಿದೆ, "ಮಗು ನೋಡಿದ ಆಟಿಕೆ ಕಾರನ್ನೂ ಅದು ನಿಮ್ಮಿಷ್ಟ ಅಂದುಕೊಂಡಿತು, ಅಲ್ವಾ? ನೀವು ಯಾರಂತ ಅದಕ್ಕೆ ನಿಜವಾಗ್ಲೂ ಗೊತ್ತಿದ್ದಿದ್ರೆ ಹಾಗೆ ಅಂದುಕೊಳ್ತಿತ್ತಾ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ರೈಲು ನಾನೇ ಹುಡುಕಿದ್ದು, ಅಲ್ವಾ" ಎಂದರು.

ಕೊಟ್ಟ ಕೆಲಸ ಸಣ್ಣದು. ಇಷ್ಟವಾದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಯಾಕೆ ಇಷ್ಟ ಎಂಬುದನ್ನೂ ಸೇರಿಸಿ. ವಾರಕ್ಕೊಂದನ್ನಾದರೂ ಮನೆಯಲ್ಲಿ ಬಾಯಿಬಿಟ್ಟು ಹೇಳಬೇಕು. ದಿನಕ್ಕೊಂದು 'ನನ್ನದಲ್ಲ' ಅನ್ನಿಸುವ ವಿಡಿಯೋವನ್ನು ತಮ್ಮ ಫೋನಿನಲ್ಲೇ ನೋಡಬೇಕು. ಎರಡು ವಾರದಲ್ಲಿ ನಿದ್ದೆ, ಊಟ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಬೇಕು ಎಂದೂ, ರಾತ್ರಿ ತಡೆಯಲಾರದಷ್ಟು ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ ಎಂದೂ ತಿಳಿಸಿದೆ.

ಮಗನಿಗೆ ಕ್ಷಮೆ ಕೇಳಲು ಹೇಳಿದೆ. "ಹೋಗ್ಲಿ ಬಿಡಮ್ಮ, ಮತ್ತೆ ಬರುತ್ತೆ" ಅನ್ನುವುದು ಕ್ಷಮೆಯಲ್ಲ ಎಂದೂ ಹೇಳಬೇಕಾಯಿತು. ಗಂಡನನ್ನು ಮುಂದಿನ ಸಲ ಕರೆಸಿ, ಹೆಂಡತಿ ಜೊತೆ ಕೂತು ರೈಲು ನೋಡಿ ಎಂದೆ. "ಏಳು ಗಂಟೆನಾ?" ಎಂದು ಗಾಬರಿಯಾದರು. ಅರ್ಧ ಗಂಟೆಗೆ ಒಪ್ಪಿದರು.

ಈಗ ನಿದ್ದೆ ಪರವಾಗಿಲ್ಲ, ಊಟವೂ ಸರಿಯಾಗಿದೆ. ಯಜಮಾನರು ರೈಲು ನೋಡುತ್ತಾ ತೂಕಡಿಸುತ್ತಾರಂತೆ, ಆದರೆ ಎದ್ದು ಹೋಗುವುದಿಲ್ಲ. ಹಾಸ್ಯದ ಒಂದೆರಡು ವಿಡಿಯೋಗಳೂ ಆ ಪುಟದೊಳಗೆ ಬಂದಿವೆ. ಮೊಮ್ಮಗನಿಗೆ ಮಾತ್ರ ಇವರು ಇನ್ನೂ ಫೋನ್ ಕೊಡಲ್ಲ. ಅದನ್ನು ಬದಲಿಸಿ ಅಂತ ನಾನು ಹೇಳಲೂ ಇಲ್ಲ. ಮಗುವಿಗೆ ಬೇರೆ ಫೋನಿನಲ್ಲಿ ಯೂಟ್ಯೂಬ್ ಕಿಡ್ಸ್ ಹಾಕಿಕೊಡಲು ಮಗನಿಗೆ ತಿಳಿಸಿದ್ದೇನೆ.