15 ವರ್ಷ ನಿಂತ ಯೆಜ್ಡಿಗೆ ದಯವಿಟ್ಟು ಕಿಕ್ ಹೊಡೆಯಬೇಡಿ

ನಿಮ್ಮ ಪತ್ರ ಓದಿದೆ. ಪುಣೆಯ ಕೋಥ್ರೂಡಿನಲ್ಲಿ ಪಕ್ಕದ ಸೊಸೈಟಿಯ ಪಾರ್ಕಿಂಗಿನಲ್ಲಿ 15 ವರ್ಷದಿಂದ ನಿಂತ ಹಳೇ ಯೆಜ್ಡಿ ಬೈಕು, ಮೂರು ಸಲ ಹೋಗಿ ನೋಡಿದ್ದೀರಿ, 60 ಸಾವಿರ ಹೇಳುತ್ತಿದ್ದಾರೆ. ನಿಮಗೆ ವಯಸ್ಸು 47, ಈ ವಯಸ್ಸಿನಲ್ಲಿ ಇದು ಬೇಕೇ, ಹೊಸದನ್ನೇ ತರಲೇ ಅಂತ ಕೇಳಿದ್ದೀರಿ. ದುಡ್ಡು ಕೊಡುವ ಮೊದಲು ಹೇಗಾದರೂ ಮಾಡಿ ಒಮ್ಮೆ ಸ್ಟಾರ್ಟ್ ಮಾಡಿಸಿ ನೋಡಬೇಕು ಅಂತಿದ್ದೀರಿ. ಆ ಕೊನೆಯ ಮಾತು ಓದಿ ಎದೆ ಧಸಕ್ಕೆಂದಿತು. ಕೈಯಲ್ಲಿದ್ದ ಕೆಲಸ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

2018ರ ನವೆಂಬರ್. ಯೆಜ್ಡಿಗೆ ಮೊದಲಿದ್ದ ಜಾವಾ ಹೆಸರಿನಲ್ಲಿ ಹೊಸ ಬೈಕು ಬಂತೆಂದು ಎಲ್ಲ ಕಡೆ ಅದೇ ಸುದ್ದಿ. ಅದೇ ತಿಂಗಳು ಸದಾಶಿವ ಪೇಠೆಯ ಒಂದು ವಾಡೆಯಲ್ಲಿ, ಅಂದರೆ ಹಳೇ ಕಾಲದ ದೊಡ್ಡ ಮನೆಯಲ್ಲಿ, ಮರದ ಮೆಟ್ಟಿಲಿನ ಕೆಳಗೆ, ನನಗೆ 1979ರ ಯೆಜ್ಡಿ ಸಿಕ್ಕಿತು. ನನಗಾಗ 48. ವಾಡೆ ಬಿಲ್ಡರ್ ಕೈಗೆ ಹೋಗುವುದಿತ್ತು, ಮನೆ ಖಾಲಿ ಮಾಡುತ್ತಿದ್ದರು. ಗಾಡಿಯ ಯಜಮಾನರು 2001ರಲ್ಲೇ ತೀರಿಕೊಂಡಿದ್ದರು. ಅವರ ಹೆಂಡತಿ, ವಾಡೆಯವರೆಲ್ಲ ಆಜಿ ಅಂತ ಕರೆಯುವವರು, 17 ವರ್ಷ ಅದರ ಮೇಲೆ ತಮ್ಮ ಹಳೇ ನೌವಾರಿ ಸೀರೆ ಹೊದಿಸಿ ಇಟ್ಟಿದ್ದರು. ಸೀರೆ ಸರಿಸಿದಾಗ ಟ್ಯಾಂಕಿನ ಬಣ್ಣ, ಬದಿಯ ಮೊಣಕಾಲು ರಬ್ಬರು, ಎರಡೂ ಸೈಲೆನ್ಸರು, ಹಿಂದಿನ ಚೈನಿನ ಮುಚ್ಚಳದ ಪಟ್ಟಿ ಎಲ್ಲ ಹಾಗೇ ಇದ್ದವು. 45 ಸಾವಿರಕ್ಕೆ ಮಾತಾಯಿತು.

ನಾನು ಹುಬ್ಬಳ್ಳಿಯವನು. ದುರ್ಗದಬೈಲಿನಲ್ಲಿ ನಮ್ಮ ಮಾಮಾನ ಅಂಗಡಿ ಇತ್ತು, ಅಂಗಡಿಯ ಮುಂದೆ ಅವನ ಯೆಜ್ಡಿ. ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಅದರಲ್ಲಿ ಒಂದೇ ಲಿವರ್, ತಿರುಗಿಸಿದರೆ ಕಿಕ್ಕರೇ ಗೇರ್ ಲಿವರ್ ಆಗುತ್ತದೆ. ಎಂಟನೇ ಇಯತ್ತೆಯಲ್ಲಿದ್ದಾಗ ಅದನ್ನು ಎಷ್ಟು ಸಲ ಹಿಂದೆ ಮುಂದೆ ಮಾಡಿದ್ದೇನೋ ಲೆಕ್ಕವಿಲ್ಲ. ಆ ಗಾಡಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಹುಟ್ಟಿದ್ದು. 1973ರ ಹೊತ್ತಿಗೆ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು. ಕಂಪನಿ ನಡೆಸಿದ ಇರಾನಿ ಎಂಬ ಮನೆತನದ ಪೂರ್ವಿಕರ ಊರು ಇರಾನಿನ ಯಜ್ದ್, ಅದರಿಂದ ಆ ಹೆಸರು. 1996ರಲ್ಲಿ ಫ್ಯಾಕ್ಟರಿ ನಿಂತಿತು. ಪುಣೆಯಲ್ಲಿ ಬೀದಿಗೊಂದು ಸಿಗುವ ಬುಲೆಟ್ ಬಿಟ್ಟು ನಾನು ಇದಕ್ಕೇ ಕಾದಿದ್ದು ಇಷ್ಟಕ್ಕೇ: ನಮ್ಮ ಕಡೆಯ ಗಾಡಿ.

ಈಗ ತಪ್ಪಿಗೆ ಬರುತ್ತೇನೆ.

ಧನಕವಡಿಯ ನಮ್ಮ ಮನೆಗೆ ಟೆಂಪೋದಲ್ಲಿ ತಂದ ದಿನವೇ ಹತ್ತಿರದ ಗ್ಯಾರೇಜಿನ ಹುಡುಗನನ್ನು ಕರೆಸಿದೆ. ಅವನು ಪಿಸ್ಟನ್ ಜಾಮ್ ಆಗಿಲ್ಲ, ತಿರುಗುತ್ತದೆ ಅಂತ ನೋಡಿದ, ಕಾರ್ಬೊರೇಟರ್ ತೊಳೆದ, ಹೊಸ ಪ್ಲಗ್ ಹಾಕಿದ, ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟನ್ನು ಪಾಲಿಶ್ ಪೇಪರಿನಿಂದ ಉಜ್ಜಿದ, ಬಾಟಲಿಯಿಂದ ಪೆಟ್ರೋಲ್ ಕೊಟ್ಟ. ಏಳನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಪಾರ್ಕಿಂಗ್ ತುಂಬ ಬಿಳೀ ಹೊಗೆ, ಮೇಲಿನ ಮನೆಗಳವರೆಲ್ಲ ಗ್ಯಾಲರಿಗೆ ಬಂದರು. ಹೆಂಡತಿ ಫೋನಿನಲ್ಲಿ ವಿಡಿಯೋ ಹಿಡಿದಳು. ನನಗೆ ಗಂಟಲು ಕಟ್ಟಿತ್ತು. 17 ವರ್ಷ ನಿಂತ ಇಂಜಿನ್ ಮೊದಲ ದಿನವೇ ಮಾತಾಡಿತಲ್ಲ, ಅಂದಮೇಲೆ ಒಳಗೆಲ್ಲ ಚೆನ್ನಾಗಿದೆ ಅಂತ ನಂಬಿಬಿಟ್ಟೆ.

ಅದು ಹೇಗೆ ಸುಳ್ಳು ಅಂತ ಬಿಡಿಸಿ ಹೇಳಬೇಕು, ಸ್ವಲ್ಪ ತಾಳ್ಮೆ ಇರಲಿ. ಇದು ಟೂ ಸ್ಟ್ರೋಕ್ ಇಂಜಿನ್. ಪಿಸ್ಟನ್ ಏರಿಳಿದಂತೆ ಅದರ ಕೆಳಗೆ ತಿರುಗುವ ದಂಡವೇ ಕ್ರ್ಯಾಂಕ್, ಅದು ಕೂತಿರುವ ಪೆಟ್ಟಿಗೆ ಕ್ರ್ಯಾಂಕ್‌ಕೇಸ್. ಬುಲೆಟ್ಟಿನ ಹಾಗೆ ಕ್ರ್ಯಾಂಕಿಗೆ ಬೇರೆಯಾಗಿ ಆಯಿಲ್ ಹರಿಯುವುದಿಲ್ಲ. ಪೆಟ್ರೋಲಿನಲ್ಲಿ ಕಲಸಿದ ಆಯಿಲೇ ಕ್ರ್ಯಾಂಕ್‌ಕೇಸಿನ ಮೂಲಕ ಹಾದು ಹೋಗುತ್ತಾ ಒಳಗಿನ ಬೇರಿಂಗುಗಳಿಗೆಲ್ಲ ಸವರಿಕೊಂಡು ಮೇಲೆ ಹೋಗಿ ಉರಿಯುತ್ತದೆ. ಪಿಸ್ಟನ್ ಮೇಲೆ ಹೋದಾಗ ಕೆಳಗೆ ಕೇಸಿನಲ್ಲಿ ಗಾಳಿ ಎಳೆತ, ಕೆಳಗೆ ಬಂದಾಗ ಒತ್ತಡ. ಅಂದರೆ ಕ್ರ್ಯಾಂಕ್‌ಕೇಸೇ ಒಂದು ಪಂಪು. ಪಂಪಿನಲ್ಲಿ ಎಲ್ಲೂ ಸೋರಿಕೆ ಇರಬಾರದು. ಕ್ರ್ಯಾಂಕಿನ ಎರಡು ತುದಿಗೆ ಒಂದೊಂದು ರಬ್ಬರಿನ ಆಯಿಲ್ ಸೀಲ್ ಇರುವುದು ಅದಕ್ಕೇ. ಎಡಗಡೆಯ ಸೀಲ್ ಕ್ಲಚ್ ಬದಿಯ ಗೇರ್ ಆಯಿಲ್ ಒಳಗೆ ಬಾರದಂತೆ ತಡೆಯುತ್ತದೆ, ಬಲಗಡೆಯದು ಡೈನಮೋ ಬದಿಯಿಂದ ಗಾಳಿ ನುಗ್ಗದಂತೆ ತಡೆಯುತ್ತದೆ.

ಗಾಡಿ ವರ್ಷಗಟ್ಟಲೆ ನಿಂತರೆ ಎರಡು ಕೆಲಸ ನಡೆಯುತ್ತವೆ. ಒಂದು, ಸವರಿಕೊಂಡ ಆಯಿಲ್ ಇಳಿದು ಕೆಳಗೆ ಸೇರುತ್ತದೆ, ಪುಣೆಯ ಒಂದೊಂದು ಮಳೆಗಾಲದ ತೇವವೂ ಪೋರ್ಟಿನಿಂದ, ಅಂದರೆ ಸಿಲಿಂಡರಿನ ಕಿಂಡಿಯಿಂದ, ಒಳಗೆ ಹೋಗಿ ಬೇರಿಂಗಿನ ರೋಲರಿಗೆ ತುಕ್ಕು ಹಿಡಿಸುತ್ತದೆ. ಎರಡು, ಸೀಲಿನ ಒಳ ಅಂಚು, ಫಿಟ್ಟರುಗಳು ಲಿಪ್ ಅನ್ನುತ್ತಾರಲ್ಲ, ಅದು ಒಣಗಿ ಗಟ್ಟಿಯಾಗಿ ಕ್ರ್ಯಾಂಕಿಗೆ ಅಂಟಿ ಕೂತಿರುತ್ತದೆ. ನಾನು ಹೊಡೆದ ಮೊದಲ ಕಿಕ್ಕಿಗೇ ಆ ಅಂಚು ಹರಿಯಿತು. ಅದೇ ಕಿಕ್ಕಿಗೆ ರೋಲರಿನ ತುಕ್ಕು ಉದುರಿ ಎಮೆರಿ ಪುಡಿಯ ಹಾಗೆ ಒಳಗೆ ತಿರುಗಲು ಶುರುವಾಯಿತು. ವಿಡಿಯೋದಲ್ಲಿ ನಾನು ನಗುತ್ತಿದ್ದೇನೆ, ಇಂಜಿನ್ ಒಳಗೆ ಹೀಗೆ ನಡೆದಿದೆ.

ಆಮೇಲೆ ಏಳೆಂಟು ವಾರ ಓಡಿಸಿದೆ. ಗಾಡಿ ತನಗಾದದ್ದನ್ನು ದಿನವೂ ಹೇಳುತ್ತಿತ್ತು, ನನಗೆ ಅದರ ಭಾಷೆ ಗೊತ್ತಿರಲಿಲ್ಲ. ಹೊಗೆ ಕಡಿಮೆ ಆಗಲಿಲ್ಲ. ಗೇರ್ ಆಯಿಲ್ ಎರಡು ಸಲ ಕಮ್ಮಿ ಬಿತ್ತು, ತುಂಬಿಸಿದೆ. ಎಡಗಡೆಯ ಸೀಲಿನಿಂದ ಇಂಜಿನ್ ಅದನ್ನು ಕುಡಿಯುತ್ತಿತ್ತು. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಸದ್ದು ತಕ್ಷಣ ಇಳಿಯುತ್ತಿರಲಿಲ್ಲ, ನಾಲ್ಕೈದು ಸೆಕೆಂಡು ಹಾಗೇ ಏರಿ ನಿಲ್ಲುತ್ತಿತ್ತು. ಸ್ಲೋ ಸ್ಪೀಡ್ ಸ್ಕ್ರೂ ಅಂದುಕೊಂಡು ತಿರುವಿದೆ. ಅದು ಬಲಗಡೆಯ ಸೀಲಿನಿಂದ ಗಾಳಿ ಎಳೆಯುತ್ತಿದ್ದ ಲಕ್ಷಣ. ಗಾಳಿ ಹೆಚ್ಚಾದರೆ ಪೆಟ್ರೋಲ್ ಪ್ರಮಾಣ ಕಮ್ಮಿ, ಪೆಟ್ರೋಲಿನ ಜೊತೆಗೇ ಬರಬೇಕಾದ ಆಯಿಲೂ ಕಮ್ಮಿ, ಪಿಸ್ಟನ್ ಬಿಸಿಯೇರುತ್ತಾ ಹೋಗುತ್ತದೆ. ಪ್ಲಗ್ ಬಿಚ್ಚಿದ್ದರೆ ತುದಿ ಸುಣ್ಣದ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಬಿಚ್ಚಲಿಲ್ಲ.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಕಾತ್ರಜ್ ಹಳೇ ಘಾಟು ಹತ್ತುತ್ತಿದ್ದೆ. ಶಿವಾಪುರಕ್ಕೆ ಹೋಗಿ ಮಿಸಳ್ ತಿಂದು ಬರುವುದು ಅಂತ. ಚಳಿ ಇತ್ತು, ಮೂರನೇ ಗೇರು. ಸುರಂಗ ಇನ್ನೊಂದು ತಿರುವು ಇದೆ ಅನ್ನುವಾಗ ಗಾಡಿ ಇದ್ದಕ್ಕಿದ್ದ ಹಾಗೆ ಹಗುರಾಯಿತು. ಗುಡುಗುಡು ಅನ್ನುವುದು ನಿಂತು ಎಣ್ಣೆ ಹಚ್ಚಿದ ಹಾಗೆ ನುಣ್ಣಗೆ ಎಳೆಯಿತು. ಇಂಜಿನ್ ಕೊನೆಗೂ ಪಳಗಿತು ಅಂತ ಎಷ್ಟು ಸಂತೋಷವಾಯಿತು ಅಂದರೆ ಇನ್ನೂ ಸ್ವಲ್ಪ ಆಕ್ಸಿಲರೇಟರ್ ಕೊಟ್ಟೆ. ಈ ಮಾತು ನೆನಪಿಡಿ: ಪೆಟ್ರೋಲ್ ಸಾಲದ ಟೂ ಸ್ಟ್ರೋಕ್ ಇಂಜಿನ್ ಜಾಮ್ ಆಗುವ ಸ್ವಲ್ಪ ಮುಂಚೆ ಕೆಲವೊಮ್ಮೆ ಎಂದೂ ಇಲ್ಲದಷ್ಟು ಚೆನ್ನಾಗಿ ಓಡುತ್ತದೆ. ಕಿರ್ರ್ ಅಂತ ಒಂದು ಸದ್ದು, ಹಿಂದಿನ ಚಕ್ರ ಕಚ್ಚಿಕೊಂಡಿತು. ಕ್ಲಚ್ ಹಿಡಿದೆ, ಬೀಳಲಿಲ್ಲ. ಹಿಂದೆ ಬರುತ್ತಿದ್ದ ಎಸ್‌ಟಿ ಬಸ್ಸು ದೂರವಿತ್ತು, ದೇವರು ದೊಡ್ಡವನು.

ನ್ಯೂಟ್ರಲ್ ಮಾಡಿ ಇಳಿಜಾರಿನಲ್ಲಿ ಕಾತ್ರಜ್ ತನಕ ತಂದು, ಅಲ್ಲಿಂದ ಟೆಂಪೋದಲ್ಲಿ ನಾನಾ ಪೇಠೆಗೆ ಒಯ್ದೆ. ಸ್ಪೇರ್ ಪಾರ್ಟಿನ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ, ಅಕ್ಕಲಕೋಟೆಯವರು, ಮನೆಮಾತು ಕನ್ನಡ. ಎಲ್ಲರಿಗೂ ಅವರು ಕಾಕಾ. ಎರಡು ದಿನ ಬಿಟ್ಟು ಕರೆಸಿ ಇಂಜಿನ್ ಬಿಚ್ಚಿ ಹಾಸಿದ ಗೋಣಿಚೀಲದ ಮುಂದೆ ಕೂರಿಸಿದರು. ಬಲಗಡೆಯ ಸೀಲ್ ಎತ್ತಿ ಎರಡು ಬೆರಳಿನಲ್ಲಿ ಬಗ್ಗಿಸಿದರು, ಟಪ್ ಅಂತ ಮುರಿಯಿತು.

"ನೋಡ್ರಿ ಸರ, ರಬ್ಬರ್ ಅಲ್ಲ ಇದು, ಬಿಸ್ಕೀಟ ಆಗ್ಯಾದ. ಚಾಲೂ ಮಾಡೋಕಿಂತ ಮೊದಲ ನನ್ನ ಕಡೆ ತಂದಿದ್ರ ನಾಕ್ನೂರು ರೂಪಾಯಿ ಕೆಲಸ ಇತ್ತು."

ನಾಲ್ಕುನೂರು ಅಂದದ್ದು ಬರೀ ಸೀಲಿನ ಬೆಲೆ, ಬಿಚ್ಚಿ ಕಟ್ಟುವ ಮಜೂರಿ ಬೇರೆ ಬಿಡಿ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ಕೆಳಗಿನ ರೋಲರುಗಳ ಮೇಲೆ ಸಿಡುಬಿನ ಕಲೆಯ ಹಾಗೆ ಗುಳಿ ಬಿದ್ದಿದ್ದವು. ಪಿಸ್ಟನ್ನಿನ ಎಕ್ಸಾಸ್ಟ್ ಬದಿ ಕರಗಿ ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಸವರಿಕೊಂಡಿತ್ತು. ಆಮೇಲೆ ಕಾಕಾ ವರ್ನಿಯರ್ ತಂದು ಪಿಸ್ಟನ್ ಅಳೆದರು, ಸುಮ್ಮನಾದರು. ಸ್ಟ್ಯಾಂಡರ್ಡ್ ಸೈಜು. 65 ಮಿಲಿಮೀಟರ್ ಬೋರು, 1979ರಲ್ಲಿ ಮೈಸೂರಿನಿಂದ ಬಂದದ್ದು, 39 ವರ್ಷ ಒಂದು ಸಲವೂ ಬೋರ್ ಹೊಡೆಸಿರಲಿಲ್ಲ, ಅಂದರೆ ಒಳಗೋಡೆ ಕೆರೆದು ದೊಡ್ಡದು ಮಾಡಿಸಿರಲಿಲ್ಲ. ಆಜಿಯ ಯಜಮಾನರು ಅಷ್ಟು ಜೋಪಾನವಾಗಿ ಓಡಿಸಿದ್ದರು. ಎರಡು ತಿಂಗಳೊಳಗೆ ಅದನ್ನು ಹಾಳು ಮಾಡಿದವನು ನಾನು.

ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಚ್ಚಿಸಿ ಹೊಸ ರಾಡ್ ಕಿಟ್ ಹಾಕಿಸಿ, 0.50 ಮಿಲಿಮೀಟರ್ ದೊಡ್ಡದಾದ ಓವರ್‌ಸೈಜ್ ಪಿಸ್ಟನ್ನಿಗೆ ಬೋರ್ ಹೊಡೆಸಿ, ಬೇರಿಂಗು, ಸೀಲು, ಟ್ಯಾಂಕಿನ ತುಕ್ಕು, ಎಲ್ಲ ಸೇರಿ 34 ಸಾವಿರ, ಐದು ತಿಂಗಳು. ದುಡ್ಡು ಮರೆತಿದ್ದೇನೆ. ಆ ಬೋರ್ ಮರೆತಿಲ್ಲ. ಸೀಲು ಹೊಸದು ಸಿಗುತ್ತದೆ, ಪಿಸ್ಟನ್ ಸಿಗುತ್ತದೆ, ಲೋಹ ಒಮ್ಮೆ ಕೆರೆದು ತೆಗೆದ ಮೇಲೆ ಮೈಸೂರಿನಿಂದ ಬಂದ ಆ ಬೋರ್ ಮತ್ತೆ ಬರುವುದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ ಅನ್ನುತ್ತೇನೆ. ಸ್ಟಾರ್ಟ್ ಆಗುವುದು ಪರೀಕ್ಷೆಯಲ್ಲ. 15 ವರ್ಷ ನಿಂತ ಟೂ ಸ್ಟ್ರೋಕ್ ಹಾಗೇ ಸ್ಟಾರ್ಟ್ ಮಾಡಿದರೆ ಕೆಡಬಹುದು, ಮಾಡದೆ ಮೊದಲು ಬಿಚ್ಚಿದರೆ ಉಳಿಯಬಹುದು. "ಮೊನ್ನೆ ತಾನೇ ಸ್ಟಾರ್ಟ್ ಮಾಡಿದ್ದೆವು" ಅಂತ ಮಾರುವವರು ಹೇಳಿದರೆ ಹತ್ತು ಸಾವಿರ ಕಮ್ಮಿ ಮಾಡಿ ಕೇಳಿ. ಇಂಜಿನ್ ಬಿಚ್ಚಲೇಬೇಕು, ಯಾರು ಏನೇ ಹೇಳಲಿ, ಮತ್ತು ಅದಕ್ಕೆಂದು ಗಾಡಿಯ ಬೆಲೆಯ ಅರ್ಧದಷ್ಟಾದರೂ ಬೇರೆ ತೆಗೆದಿಡಿ. ಅಷ್ಟು ತೆಗೆದಿಡಲು ಆಗದಿದ್ದರೆ ಗಾಡಿ ಅಲ್ಲೇ ಇರಲಿ, ಇನ್ನೊಂದು ವರ್ಷ ನಿಂತರೂ ಆಗುವ ಹಾನಿ ಅವಸರದ ಕಿಕ್ಕಿನಷ್ಟಲ್ಲ.

ನೋಡಬೇಕಾದದ್ದು ಕಾಗದ. ಆರ್‌ಸಿಯಲ್ಲಿರುವ ಚಾಸಿ ನಂಬರು, ಇಂಜಿನ್ ನಂಬರು ಗಾಡಿಯ ಮೇಲಿನವಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಚಾಸಿ ನಂಬರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಹೆಸರು ವರ್ಗಾವಣೆಗೆ, ಯಜಮಾನರು ಬದುಕಿದ್ದರೆ ಫಾರ್ಮ್ 29 ಮತ್ತು 30, ತೀರಿಕೊಂಡಿದ್ದರೆ ವಾರಸುದಾರರು ಮೊದಲು ಫಾರ್ಮ್ 31 ಹಾಕಿ ತಮ್ಮ ಹೆಸರಿಗೆ ಮಾಡಿಕೊಳ್ಳಬೇಕು. 15 ವರ್ಷ ದಾಟಿದ ಆರ್‌ಸಿಯನ್ನು ಫಾರ್ಮ್ 25ರಲ್ಲಿ ನವೀಕರಿಸಬೇಕು, ಐದು ವರ್ಷಕ್ಕೊಮ್ಮೆ, ಮಹಾರಾಷ್ಟ್ರದಲ್ಲಿ ಗ್ರೀನ್ ಟ್ಯಾಕ್ಸ್ ಸೇರಿ. ನೀವು ವಿಂಟೇಜ್ ಅಂತ ಬರೆದಿದ್ದೀರಿ. 2021ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ಆದದ್ದು ಮಾತ್ರ ವಿಂಟೇಜ್, ಮತ್ತು ವಿಂಟೇಜ್ ಅಂತ ನೋಂದಾಯಿಸಿದರೆ ದಿನಬಳಕೆಗೆ ಓಡಿಸುವಂತಿಲ್ಲ. ಸಾದಾ ನೋಂದಣಿಯನ್ನೇ ಉಳಿಸಿಕೊಳ್ಳಿ, ಹಳೇ ಮೂರಕ್ಷರದ ನಂಬರಿಗೆ ಬೇರೆಯೇ ಚೆಂದವಿದೆ.

ಹೊಸದನ್ನು ತರಲೇ ಅಂದಿರಿ. ಹೊಸ ಜಾವಾ, ಹೊಸ ಯೆಜ್ಡಿ ಫೋರ್ ಸ್ಟ್ರೋಕ್, ಬಟನ್ ಒತ್ತಿದರೆ ಶುರು, ಒಳ್ಳೆಯ ಗಾಡಿಗಳೇ. ನಿಮಗೆ ಬೇಕಾದದ್ದು ಅದಾಗಿದ್ದರೆ ಪಕ್ಕದ ಸೊಸೈಟಿಯ ಪಾರ್ಕಿಂಗಿಗೆ ಮೂರು ಸಲ ಹೋಗುತ್ತಿರಲಿಲ್ಲ.

ವಯಸ್ಸಿನ ಮಾತಂತೂ ಬಿಟ್ಟುಬಿಡಿ. ಇಪ್ಪತ್ತೈದರಲ್ಲಿ ನನ್ನ ಹತ್ತಿರ ಐದು ತಿಂಗಳು ಕಾಯುವ ತಾಳ್ಮೆಯೂ ಇರಲಿಲ್ಲ, 34 ಸಾವಿರವೂ ಇರಲಿಲ್ಲ. ಮೊಣಕಾಲಿನ ಚಿಂತೆ ಇದ್ದರೆ ಕೇಳಿ: ಸರಿಯಾಗಿ ಕಟ್ಟಿದ ಯೆಜ್ಡಿ, ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್ ಇದ್ದರೆ, ಎರಡನೇ ಕಿಕ್ಕಿಗೆ ಶುರುವಾಗುತ್ತದೆ. ಹತ್ತು ಕಿಕ್ ಬೇಕಾದರೆ ದೋಷ ಇಂಜಿನ್ನಿನದು. ನಾನು ಲೀಟರ್ ಪೆಟ್ರೋಲಿಗೆ 40 ಮಿಲಿ ಟೂ-ಟಿ, ಅಂದರೆ ಟೂ ಸ್ಟ್ರೋಕಿಗೆಂದೇ ಇರುವ ಆಯಿಲ್ ಹಾಕುತ್ತೇನೆ. ಈಗಿನ ಪೆಟ್ರೋಲಿನಲ್ಲಿ 20% ತನಕ ಎಥನಾಲ್ ಇರುತ್ತದೆ, ಅದು ನೀರು ಹೀರುತ್ತದೆ, ಹಳೇ ರಬ್ಬರನ್ನು ತಿನ್ನುತ್ತದೆ; ವಾರಗಟ್ಟಲೆ ನಿಲ್ಲಿಸುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬೊರೇಟರ್ ಖಾಲಿಯಾಗುವ ತನಕ ಓಡಿಸಿ ಆಮೇಲೆ ನಿಲ್ಲಿಸಿ.

ಈ ಭಾನುವಾರ ನೋಡಲು ಹೋಗುತ್ತೇನೆ ಅಂದಿದ್ದೀರಿ. ಟಾರ್ಚು, ಹಾಳೆ, ಪೆನ್ಸಿಲು ಒಯ್ಯಿರಿ. ಟ್ಯಾಂಕಿನ ಮುಚ್ಚಳ ತೆಗೆದು ಒಳಗಿನ ತುಕ್ಕು ನೋಡಿ, ಟ್ಯಾಂಕಿನ ಬ್ಯಾಡ್ಜು, ಚೈನ್ ಕವರು, ಸೈಲೆನ್ಸರು ಹಳೆಯವೇ ಇವೆಯೇ ನೋಡಿ. ಮಾರುವವರು ಪ್ರೀತಿಯಿಂದಲೇ "ಒಂದು ಕಿಕ್ ಹೊಡೆದು ತೋರಿಸುತ್ತೇನೆ" ಅನ್ನುತ್ತಾರೆ, ಅಷ್ಟು ಹೊತ್ತಿಗೆ ಪ್ಲಗ್ಗಿನ ವೈರು ಕೈಯಲ್ಲಿ ಹಿಡಿದಿರುತ್ತಾರೆ. ಆಗ ನೀವು ಕಿಕ್ಕರಿಗೂ ಅವರ ಕಾಲಿಗೂ ನಡುವೆ ಹೋಗಿ ನಿಲ್ಲಿ.