ನ್ಯಾನೋ ಹನಿ ಕುಡಿಸಿ ಕೀಮೋ ನಿಲ್ಲಿಸಬೇಡಿ

ಪ್ರಶ್ನೆ: ತಾಯಿಗೆ ಸ್ತನ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ಘನ ಕೊಬ್ಬಿನ ನ್ಯಾನೋಕಣಗಳಲ್ಲಿ ಅರಿಶಿನದ ಸಾರ ತುಂಬಿದ ಹನಿ ಕುಡಿಸಿದರೆ ಅದು ನೇರ ಗಡ್ಡೆಗೇ ಹೋಗುತ್ತದೆ, ಕೀಮೋ ಬೇಕಿಲ್ಲ ಎಂದು ಮಾರುವವರು ಹೇಳುತ್ತಾರೆ. ನಿಜವೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಸುಳ್ಳು. ಕೀಮೋ ನಿಲ್ಲಿಸಬೇಡಿ. ಹೊಸನಗರದಿಂದ, ಕೊಪ್ಪದಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಅಡಿಕೆ ಮಾರಿದ ದುಡ್ಡಿನ ಮೇಲೆ ಕಣ್ಣಿಟ್ಟು ಕಾಯಿಲೆಯವರ ಮನೆ ಹುಡುಕಿಕೊಂಡು ಬರುವವರನ್ನು ಜಗಲಿಯಿಂದಲೇ ಕಳಿಸಿಬಿಡಿ.

ಈ ಕಣಗಳು ಕಟ್ಟುಕತೆಯಲ್ಲ. 1990ರ ದಶಕದ ಆರಂಭದಲ್ಲಿ ಯುರೋಪಿನಲ್ಲಿ ರೂಪುಗೊಂಡವು. ಮೈಬಿಸಿಗೂ ಕರಗದ ಸ್ಟಿಯರಿಕ್ ಆಮ್ಲದಂಥ ಕೊಬ್ಬನ್ನು ಕಾಯಿಸಿ ಔಷಧ ಬೆರೆಸುತ್ತಾರೆ. ಕೊಬ್ಬನ್ನು ನೀರಿನೊಡನೆ ಬೆರೆಯುವಂತೆ ಮಾಡುವ ಲೆಸಿಥಿನ್‌ನಂಥ ವಸ್ತು ಸೇರಿಸಿ, ಬಿಸಿನೀರಿನಲ್ಲಿ ಭಾರೀ ಒತ್ತಡದಿಂದ ಒಡೆದು ತಣಿಸುತ್ತಾರೆ. ಗಾತ್ರ 50ರಿಂದ 1000 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು). ನೀರಿನಲ್ಲಿ ಕರಗದ ಔಷಧಗಳಿಗೆ ಇದು ಒಳ್ಳೆಯ ವಾಹಕ.

ಆದರೆ ಕುಡಿಸಿದರೆ ಏನಾಗುತ್ತದೆ? ಕರುಳಿನ ಲೈಪೇಸ್ ಕಿಣ್ವವು ಊಟದ ಕೊಬ್ಬಿನಂತೆ ಇದನ್ನೂ ಜೀರ್ಣಿಸುತ್ತದೆ. ಔಷಧ ಹೆಚ್ಚು ಪ್ರಮಾಣದಲ್ಲಿ ರಕ್ತ ಸೇರಬಹುದು, ಅಷ್ಟೇ. ಅಲ್ಲಿಂದ ಇಡೀ ಮೈಗೆ ಹರಡುತ್ತದೆ. ರಕ್ತನಾಳಕ್ಕೇ ಚುಚ್ಚಿದರೂ ಹೆಚ್ಚಿನ ಕಣಗಳನ್ನು ಯಕೃತ್ತು (ಲಿವರ್) ಮತ್ತು ಗುಲ್ಮದ (ಸ್ಪ್ಲೀನ್) ಭಕ್ಷಕ ಕೋಶಗಳು ಹಿಡಿದು ನುಂಗುತ್ತವೆ. ನಾನಾ ಬಗೆಯ ನ್ಯಾನೋಕಣಗಳ ಕುರಿತ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು 2016ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಚುಚ್ಚಿದ ಪ್ರಮಾಣದಲ್ಲಿ ಗಡ್ಡೆ ತಲುಪಿದ ಪಾಲಿನ ಮಧ್ಯಾಂಕ (ಏರಿಕೆಯ ಸಾಲಿನಲ್ಲಿ ನಟ್ಟನಡುವಿನ ಅಂಕಿ) ಶೇ. 0.7 ಮಾತ್ರ. ಪ್ರಯೋಗಾಲಯದ ತಜ್ಞರೇ ಇಷ್ಟಕ್ಕೆ ಹೆಣಗುತ್ತಿರುವಾಗ ಚೀಲದಲ್ಲಿ ಸೀಸೆ ತಂದವನು ಯಾವ ಗುರಿ ಮುಟ್ಟಿಸುತ್ತಾನೆ? ಅದೂ ಅಲ್ಲದೆ, ಇಟ್ಟಲ್ಲೇ ಕೊಬ್ಬಿನ ಹರಳುಗಳು ಮರುಜೋಡಣೆಯಾಗಿ ಔಷಧವನ್ನು ಹೊರದಬ್ಬುವುದು ಈ ಕಣಗಳ ಹಳೆಯ ತೊಂದರೆ.

ನನ್ನ ನಿಜವಾದ ಆತಂಕ ಯಕೃತ್ತಿನದು. ಹೆಚ್ಚು ಹೀರಲ್ಪಡುವಂತೆ ಮಾಡಿದ ಅರಿಶಿನದ ಸಾರಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳ ಬಗ್ಗೆ ಇಟಲಿ, ಆಸ್ಟ್ರೇಲಿಯಾ ಸರ್ಕಾರಗಳು ಎಚ್ಚರಿಸಿವೆ. ಕೀಮೋದ ಹಲವು ಔಷಧಗಳನ್ನು ಸಂಸ್ಕರಿಸುವುದೂ ಅದೇ ಅಂಗ. ಸಾರು, ಪಲ್ಯದ ಅರಿಶಿನಕ್ಕೆ ಅಡ್ಡಿಯಿಲ್ಲ. ಹನಿಯನ್ನು ಈಗಾಗಲೇ ಕುಡಿಸಿದ್ದರೆ ಸೀಸೆ ಸಮೇತ ಕ್ಯಾನ್ಸರ್ ವೈದ್ಯರ ಬಳಿ ಹೋಗಿ. ಬೈಯುತ್ತಾರೆಂದು ಮುಚ್ಚಿಡಬೇಡಿ.

ಪ್ರಶ್ನೆ: ತುಪ್ಪದಲ್ಲಿ ಅರಿಶಿನ ಕುದಿಸಿದರೆ ಇಂಥ ಕಣಗಳಾಗುತ್ತವೆಯೇ?
– ಓದುಗರು, ಸಾಗರ

ಉತ್ತರ: ಇಲ್ಲ. ತುಪ್ಪ ಮೈಬಿಸಿಗೇ ಕರಗುತ್ತದೆ.

ಪ್ರಶ್ನೆ: ಮಂಗನ ಕಾಯಿಲೆಗೆ ನ್ಯಾನೋ ಮಾತ್ರೆ ಬಂದಿದೆಯಂತೆ?
– ಓದುಗರು, ಸೊರಬ

ಉತ್ತರ: ಬಂದಿಲ್ಲ. ಕಾಡಿಗೆ ಹೋಗುವಾಗ ಉಣುಗು ಕಚ್ಚದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಜ್ವರ ಬಂದರೆ ಅಂದೇ ಆರೋಗ್ಯ ಕೇಂದ್ರಕ್ಕೆ ಹೋಗಿ.