ಡಿಸ್ಟಿಲರಿ ಹಾಕೋ ಮುಂಚೆ ಒಂದು ಬೇಸಿಗೆ ಬೇರೆಯವರ ಹತ್ತಿರ

ಪ್ರಶ್ನೆ: ಸರ್, ನಮ್ಮದು ಮುಧೋಳ ಹತ್ತಿರದ ಹಳ್ಳಿ. ಕಬ್ಬು ಬೆಳೆಯುವ ಆರು ಜನ ಸೇರಿ, ಕಾಕಂಬಿಯಿಂದ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಎಥೆನಾಲ್ ತೆಗೆಯುವ ಸಣ್ಣ ಡಿಸ್ಟಿಲರಿ ಹಾಕಬೇಕು ಅಂತಿದ್ದೇವೆ. ಯಂತ್ರದ ಕಂಪನಿಯವರು ತರಬೇತಿ ತಾವೇ ಕೊಡುತ್ತಾರಂತೆ. ಆದರೂ ನಡೆಯುತ್ತಿರುವ ಡಿಸ್ಟಿಲರಿಗೆ ಹೋಗಿ ಕಲಿಯಬೇಕಾ? ನವೆಂಬರ್‌ನಲ್ಲಿ ಹಂಗಾಮು ಶುರುವಾದಾಗ ಹೋದರೆ ಸಾಕಾ?

ಉತ್ತರ: ಹೋಗಲೇಬೇಕು. ಆದರೆ ನವೆಂಬರ್‌ನಲ್ಲಿ ಬೇಡ, ಏಪ್ರಿಲ್‌ನಲ್ಲಿ ಹೋಗಿ.

ಕಾಕಂಬಿ ಹುದುಗಿಸುವ ಯೀಸ್ಟ್‌ಗೆ 32–33 ಡಿಗ್ರಿ ಶಾಖ ಹಿತ. ಚಳಿಗಾಲದಲ್ಲಿ ಅದು ಸುಲಭ, ಎಲ್ಲರೂ ಜಾಣರಾಗಿ ಕಾಣುತ್ತಾರೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಬಿಸಿಲು 40 ಮುಟ್ಟುತ್ತೆ. ತೊಟ್ಟಿ ತಂಪು ಮಾಡೋಕೆ ಕೂಲಿಂಗ್ ಟವರ್‌ನಿಂದ ಬರೋ ನೀರೇ ಬೆಚ್ಚಗಿರುತ್ತೆ. ಫರ್ಮೆಂಟರ್, ಅಂದರೆ ಹುದುಗಿಸುವ ತೊಟ್ಟಿ, 36 ದಾಟಿದರೆ ಯೀಸ್ಟ್ ಸೋಲುತ್ತೆ, ಹುಳಿ ಹಿಡಿಸುವ ಬ್ಯಾಕ್ಟೀರಿಯಾ ಏಳುತ್ತವೆ. ನೋಡಬೇಕಾದದ್ದು ಅದನ್ನೇ.

ನಾನು ಹೊಸದಾಗಿ ಶಿಫ್ಟ್ ಕೆಮಿಸ್ಟ್ ಆಗಿ ಸೇರಿದ್ದೆ. ಒಂದು ರಾತ್ರಿ ಹಳೇ ಆಪರೇಟರ್ ಒಬ್ಬರು ಸ್ಯಾಂಪಲ್ ತೆಗೆಯುವ ನಲ್ಲಿಯಿಂದ ಲೋಟದಲ್ಲಿ ಒಂದಿಷ್ಟು ವಾಶ್ (ಹುದುಗುತ್ತಿರುವ ಕಾಕಂಬಿ ನೀರು) ಹಿಡಿದು ಮೂಸಿ ನೋಡಿದರು. "ಸಾಹೇಬ್ರ, ಇದು ಹುಳಿ ಹತ್ತೈತ್ರಿ" ಅಂದರು. ಮೀಟರ್ ಸರಿಯಾಗೇ ತೋರಿಸ್ತಾ ಇದೆಯಲ್ಲ ಅಂತ ನಾನು ಸುಮ್ನೆ ಕೂತೆ. ಬೆಳಿಗ್ಗೆ ಲ್ಯಾಬ್ ರಿಪೋರ್ಟ್‌ನಲ್ಲಿ ಆಮ್ಲ ಏರಿತ್ತು, ಆ ತೊಟ್ಟಿಯ ಆಲ್ಕೋಹಾಲ್ ಇಳಿದಿತ್ತು. ಅಂಥವರ ಪಕ್ಕ ನಿಲ್ಲೋಕೆ ಸಿಕ್ಕರೆ ಬಿಡಬೇಡಿ. ಆಲ್ಕೋಹಾಲ್ ಬೇರ್ಪಡಿಸುವ ಎತ್ತರದ ಕಾಲಮ್ ನೋಡಿ ಎಲ್ಲರೂ ಮರುಳಾಗುತ್ತಾರೆ. ಆದರೆ ಹುದುಗಿಸುವಾಗ ಕಳೆದುಕೊಂಡದ್ದನ್ನು ಯಾವ ಕಾಲಮ್ಮೂ ವಾಪಸ್ ಕೊಡಲ್ಲ.

ಎರಡನೆಯದು ಸ್ಪೆಂಟ್ ವಾಶ್, ಅಂದರೆ ಆಲ್ಕೋಹಾಲ್ ತೆಗೆದ ಮೇಲೆ ಉಳಿಯುವ ತ್ಯಾಜ್ಯ. ಒಂದು ಲೀಟರ್ ಆಲ್ಕೋಹಾಲ್‌ಗೆ ಸುಮಾರು 8ರಿಂದ 12 ಲೀಟರ್ ಈ ಕಂದು ನೀರು ಉಳಿಯುತ್ತೆ. ಹಳ್ಳಕ್ಕೆ ಒಂದು ಹನಿಯೂ ಬಿಡುವಂತಿಲ್ಲ. ಬತ್ತಿಸಿ ಬಾಯ್ಲರ್‌ನಲ್ಲಿ ಸುಡಬೇಕು, ಇಲ್ಲವೇ ಬಯೋಗ್ಯಾಸ್ ತೆಗೆದು ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಗಸಿ) ಜೊತೆ ಗೊಬ್ಬರ ಮಾಡಬೇಕು. ಬತ್ತಿಸುವ ಇವ್ಯಾಪೊರೇಟರ್ ಎಷ್ಟು ದಿನಕ್ಕೊಮ್ಮೆ ಕಟ್ಟಿಕೊಳ್ಳುತ್ತೆ, ತೊಳೆಯೋಕೆ ಎಷ್ಟು ಹೊತ್ತು ನಿಲ್ಲಿಸಬೇಕು ಅಂತ ಕೇಳಿ. ಸಣ್ಣ ಡಿಸ್ಟಿಲರಿಗಳ ಲೆಕ್ಕ ಜಾಸ್ತಿ ತಪ್ಪೋದು ಇಲ್ಲೇ. ಕೊಟೇಶನ್‌ನಲ್ಲಿ ಈ ಖರ್ಚು ಎಲ್ಲಿದೆ ಅಂತ ಹುಡುಕಿ ನೋಡಿ.

ಪಕ್ಕದೂರಿನವರು ಮುಂದಿನ ಪೈಪೋಟಿದಾರನಿಗೆ ಯಾಕೆ ಕಲಿಸುತ್ತಾರೆ, ಅಲ್ವಾ? ನೀವು ಷೇರುದಾರರಾಗಿರುವ ಸಹಕಾರಿ ಕಾರ್ಖಾನೆಗೆ ಡಿಸ್ಟಿಲರಿ ಇದ್ದರೆ ಅಲ್ಲೇ ಕೇಳಿ. ನಿವೃತ್ತ ಕೆಮಿಸ್ಟ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ಬಾಗಿಲು ಬೇಗ ತೆರೆಯುತ್ತೆ. ಆರು ಜನರಲ್ಲಿ ಒಬ್ಬರ ಮಗನೋ ಮಗಳೋ ಬಿಎಸ್ಸಿ ಮಾಡಿದ್ದರೆ, ಪುಣೆ ಹತ್ತಿರದ ಮಾಂಜರಿಯ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್‌ನಲ್ಲಿ ಹುದುಗಿಸುವಿಕೆ ಮತ್ತು ಆಲ್ಕೋಹಾಲ್ ತಂತ್ರಜ್ಞಾನ ಕಲಿಸುತ್ತಾರೆ, ವಿಚಾರಿಸಿ. ಮನೆಯಲ್ಲಿ ಸಣ್ಣ ಭಟ್ಟಿ ಇಟ್ಟು ಪ್ರಯೋಗ ಮಾಡೋ ಯೋಚನೆ ಮಾತ್ರ ಬೇಡ. ಪರವಾನಗಿ ಇಲ್ಲದೆ ಭಟ್ಟಿ ಇಳಿಸೋದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಅಪರಾಧ.

ಹೋಗುವಾಗ ಹತ್ತಿ ಬಟ್ಟೆ ಹಾಕಿಕೊಳ್ಳಿ, ರಾತ್ರಿ ಪಾಳಿಯನ್ನೇ ಕೇಳಿ. ಬೆಂಕಿಯ ಭಯಕ್ಕೆ ಮೊಬೈಲ್ ಗೇಟಿನಲ್ಲೇ ಇಸ್ಕೊಳ್ಳುತ್ತಾರೆ. ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇರಲಿ.